ಬಿಸಿಲು, ಭೂಕಂಪ ಎರಡೂ ಇರುವಲ್ಲಿ ಮನೆ ದುರಸ್ತಿಗೆ ಗಾರೆ ಗುತ್ತಿಗೆದಾರರ ಆಯ್ಕೆ

ಇಟ್ಟಿಗೆ ಅಥವಾ ಕಲ್ಲಿನ ಗೋಡೆಯ ದುರಸ್ತಿಗೆ ಗುತ್ತಿಗೆದಾರರನ್ನು ಹುಡುಕುವಾಗ ಹೆಚ್ಚಿನವರು ನೋಡುವುದು ಎರಡನ್ನೇ: ಕೇಳಿದ ದರ ಮತ್ತು ಮುಗಿದ ಕೆಲಸದ ನುಣುಪು. ಬಿಸಿಲು ಕಡುವಾಗಿದ್ದು ಭೂಕಂಪದ ಭಯವೂ ಇರುವ ಪ್ರದೇಶದಲ್ಲಿ ಇವೆರಡೂ ಸಾಲುವುದಿಲ್ಲ. ಅಲ್ಲಿ ಗೋಡೆಯ ಗಟ್ಟಿತನ ನಿಂತಿರುವುದು ಇಟ್ಟಿಗೆಗೂ ಗಾರೆಗೂ ನಡುವಿನ ಹಿಡಿತದ ಮೇಲೆ. ಬಿಸಿಲು ಆ ಹಿಡಿತವನ್ನು ಕಟ್ಟಿದ ದಿನವೇ ಕೆಡಿಸಬಲ್ಲದು. ಕೆಟ್ಟದ್ದು ಪ್ಲಾಸ್ಟರಿನ ಹಿಂದೆ ಅಡಗಿದ್ದು, ನೆಲ ಅಲುಗಿದ ದಿನ ಮಾತ್ರ ಹೊರಬೀಳುತ್ತದೆ. ಆದ್ದರಿಂದ ಪ್ಲಾಸ್ಟರಿನಡಿ ಮುಚ್ಚಿಹೋಗುವ ಕೆಲಸವನ್ನು ಯಾರು ನಿಯತ್ತಾಗಿ ಮಾಡುತ್ತಾರೆ, ಮಾಡಿದ್ದನ್ನು ಮುಚ್ಚುವ ಮೊದಲು ಯಾರು ತೋರಿಸುತ್ತಾರೆ ಎಂಬುದನ್ನೇ ಆಯ್ಕೆಯ ಆಧಾರವಾಗಿ ಇಟ್ಟುಕೊಳ್ಳಬೇಕು.

ಬಿರುಕಿನ ಕಾರಣ ಮೊದಲು, ದರಪಟ್ಟಿ ನಂತರ

ಗುತ್ತಿಗೆದಾರರನ್ನು ಕರೆಯುವ ಮೊದಲು ಗೋಡೆಗೆ ಏನಾಗಿದೆ ಎಂದು ತಿಳಿದಿರಬೇಕು. ಕಾರಣ ಗೊತ್ತಿಲ್ಲದೆ ಪಡೆದ ಮೂರು ದರಪಟ್ಟಿಗಳು ಮೂರು ಬೇರೆ ಬೇರೆ ಕೆಲಸಗಳ ದರವನ್ನು ಹೇಳುತ್ತವೆ, ಅವುಗಳನ್ನು ಹೋಲಿಸುವುದರಲ್ಲಿ ಅರ್ಥವಿರುವುದಿಲ್ಲ.

ತಾರಸಿಯ ಕೆಳಗೆ, ಗೋಡೆಯ ತುದಿಯಲ್ಲಿ ಅಡ್ಡಲಾಗಿ ಓಡುವ ಸಣ್ಣ ಬಿರುಕು ಸಾಮಾನ್ಯವಾಗಿ ಬಿಸಿಲಿನದು. ಹತ್ತು ಮೀಟರ್ ಉದ್ದದ ಕಾಂಕ್ರೀಟ್ ತಾರಸಿ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ತಣಿದಾಗ ಕುಗ್ಗುತ್ತದೆ, ಕೆಳಗಿನ ಗೋಡೆ ಅಷ್ಟು ಚಲಿಸುವುದಿಲ್ಲ. ಇಂತಹ ಬಿರುಕಿಗೆ ಸಿಮೆಂಟ್ ತುಂಬಿದರೆ ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತದೆ. ತಾರಸಿಯ ಮೇಲೆ ಶಾಖ ತಡೆಯುವ ಪದರ, ಬಿರುಕಿಗೆ ಹಿಗ್ಗಿ ಕುಗ್ಗುವ ಸೀಲೆಂಟ್, ಇವೆರಡೂ ಸೇರಿದರೆ ಮಾತ್ರ ಪರಿಹಾರ. ಆದರೆ ಭೂಕಂಪದ ದೃಷ್ಟಿಯಿಂದ ತಾರಸಿಯೂ ಗೋಡೆಯೂ ಒಂದಕ್ಕೊಂದು ಬಿಗಿದಿರಬೇಕು. ಬಿಸಿಲು ಸಡಿಲವನ್ನು ಕೇಳುತ್ತದೆ, ಭೂಕಂಪ ಬಿಗಿಯನ್ನು ಕೇಳುತ್ತದೆ. ಈ ಜಗ್ಗಾಟವನ್ನು ಎಲ್ಲಿ, ಹೇಗೆ ತೀರಿಸಬೇಕು ಎಂದು ನಿರ್ಧರಿಸುವುದು ಕಟ್ಟಡದ ಬಲವನ್ನು ಲೆಕ್ಕಹಾಕುವ ಸ್ಟ್ರಕ್ಚರಲ್ ಎಂಜಿನಿಯರರ ಕೆಲಸವೇ ಹೊರತು ಮೇಸ್ತ್ರಿಯ ಊಹೆಯದಲ್ಲ.

ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಎರಡು ಕಿಟಕಿಗಳ ನಡುವಿನ ಗೋಡೆಯಲ್ಲಿ ಒಂದನ್ನೊಂದು ಕತ್ತರಿಸುವ ಓರೆ ಬಿರುಕುಗಳು, ಎರಡು ಗೋಡೆ ಕೂಡುವ ಮೂಲೆಯಲ್ಲಿ ನೆಟ್ಟಗೆ ಇಳಿಯುವ ಬಿರುಕು, ಹೊರಕ್ಕೆ ಉಬ್ಬಿದ ಗೋಡೆ, ಇವು ಕಂಡರೆ ಎಂಜಿನಿಯರರ ಲಿಖಿತ ವರದಿ ಇಲ್ಲದೆ ಯಾವ ಗುತ್ತಿಗೆಯನ್ನೂ ಒಪ್ಪಬಾರದು. ಅದರಲ್ಲೂ ಮೂಲೆ ಬಿಟ್ಟುಕೊಂಡ ಗೋಡೆ ಅಪಾಯಕಾರಿ. ಪಕ್ಕದ ಗೋಡೆಯ ಆಸರೆ ತಪ್ಪಿದ ಅದು ಕಂಪನಕ್ಕೆ ಒಂಟಿಯಾಗಿ ಹೊರಕ್ಕೆ ಉರುಳುತ್ತದೆ. ಬಿರುಕು ಬೆಳೆಯುತ್ತಿದೆಯೇ ಎಂಬ ಅನುಮಾನವಿದ್ದರೆ ಅದರ ಎರಡೂ ತುದಿಗಳಲ್ಲಿ ಪೆನ್ಸಿಲ್ ಗುರುತು ಹಾಕಿ, ದಿನಾಂಕ ಬರೆದು, ನಡುವಿನ ಅಗಲವನ್ನು ಅಳೆದಿಟ್ಟು ಕೆಲವು ತಿಂಗಳು ಗಮನಿಸಬಹುದು. ಗೋಡೆ ಉಬ್ಬಿದ್ದರೆ ಮಾತ್ರ ಕಾಯುವಂತಿಲ್ಲ.

ಮಾತಿನಲ್ಲೇ ತಿಳಿಯುವ ಸಂಗತಿಗಳು

ಪರವಾನಗಿ, ಕೆಲಸಗಾರರ ವಿಮೆ, ಹಿಂದೆ ಮಾಡಿದ ಕೆಲಸಗಳ ವಿಳಾಸ, ಇವನ್ನು ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಹಳೆಯ ಕೆಲಸವನ್ನು ನೋಡಲು ಹೋಗುವುದಾದರೆ ಕಳೆದ ತಿಂಗಳು ಮುಗಿದದ್ದನ್ನು ಬಿಟ್ಟು, ಎರಡು ಮೂರು ಬೇಸಿಗೆ ಕಂಡ ಗೋಡೆಯನ್ನು ನೋಡಬೇಕು.

ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಕೆಲಸದ ಬಗೆಗಿನ ನೇರ ಪ್ರಶ್ನೆಗಳು. ಕಡು ಬಿಸಿಲಿನಲ್ಲಿ ಕೆಲಸವನ್ನು ಹೇಗೆ ನಡೆಸುತ್ತೀರಿ ಎಂದು ಕೇಳಿದರೆ, ಬೆಳಗಿನ ಜಾವ ಆರಂಭಿಸಿ ನಡು ಮಧ್ಯಾಹ್ನ ನಿಲ್ಲಿಸುವುದು, ಇಟ್ಟಿಗೆಯನ್ನು ಮುಂಚೆಯೇ ನೆನೆಸುವುದು, ಮರಳನ್ನು ನೆರಳಿನಲ್ಲಿ ತೇವವಾಗಿಡುವುದು, ಗಾರೆಯನ್ನು ಸ್ವಲ್ಪ ಸ್ವಲ್ಪವೇ ಕಲಸುವುದು, ಹೊಸ ಗೋಡೆಗೆ ಒದ್ದೆ ಗೋಣಿ ಹೊದಿಸುವುದು, ಇವುಗಳಲ್ಲಿ ಹೆಚ್ಚಿನವು ತಾವಾಗಿಯೇ ಬಾಯಿಗೆ ಬರಬೇಕು. ಒಣ ಇಟ್ಟಿಗೆ ಗಾರೆಯಲ್ಲಿನ ನೀರನ್ನು ಹೀರಿಬಿಡುತ್ತದೆ. ನೀರಿಲ್ಲದ ಸಿಮೆಂಟ್ ಗಟ್ಟಿಯಾಗದೆ ಪುಡಿಯಾಗಿ ಉಳಿಯುತ್ತದೆ. ಅಮೆರಿಕದ ಇಟ್ಟಿಗೆ ಕಟ್ಟಡಗಳ ಮಾನದಂಡವು ಗಾಳಿಯ ಉಷ್ಣತೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಮೀರಿದಾಗ, ಅಥವಾ 32 ಡಿಗ್ರಿ ಮೀರಿ ಗಂಟೆಗೆ 13 ಕಿಲೋಮೀಟರ್‌ಗಿಂತ ಹೆಚ್ಚಿನ ಗಾಳಿ ಬೀಸುವಾಗ ವಿಶೇಷ ಎಚ್ಚರ ಬೇಕೆನ್ನುತ್ತದೆ: ಕಲಸಿದ ಗಾರೆ ಎರಡು ಗಂಟೆಯೊಳಗೆ ಖಾಲಿ, ಹೊಸ ಗೋಡೆಗೆ ಮೂರು ದಿನಗಳವರೆಗೆ ದಿನಕ್ಕೆ ಕನಿಷ್ಠ ಮೂರು ಬಾರಿ ನೀರಿನ ಸಿಂಚನ. ಇಲ್ಲಿ ಗಾಳಿಯ ಮಾತು ಮುಖ್ಯ, ಏಕೆಂದರೆ ಬಿಸಿಲಿಗಿಂತ ಬಿಸಿಗಾಳಿಯೇ ಹಸಿ ಗಾರೆಯನ್ನು ಬೇಗ ಒಣಗಿಸುತ್ತದೆ, ಮತ್ತು ಮೋಡ ಕವಿದ ದಿನ ಈ ಎಚ್ಚರ ಸುಲಭವಾಗಿ ತಪ್ಪುತ್ತದೆ.

ಎರಡನೆಯ ಪ್ರಶ್ನೆ ಹಳೆಯ ಗೋಡೆಗೂ ಹೊಸ ಗೋಡೆಗೂ ಕೊಡುವ ಕೂಡಿಕೆಯ ಬಗ್ಗೆ ಇರಲಿ. ಹೊಸ ಇಟ್ಟಿಗೆಯನ್ನು ಹಳೆಯ ಗೋಡೆಯ ಪಕ್ಕಕ್ಕೆ ತಾಗಿಸಿ ಕಟ್ಟಿ, ಸಂದಿಗೆ ಗಾರೆ ತುಂಬುತ್ತೇನೆ ಎನ್ನುವವರನ್ನು ಅಲ್ಲಿಗೇ ಬಿಡಬಹುದು. ಹಳೆಯ ತುದಿಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿನ ಇಟ್ಟಿಗೆ ತೆಗೆದು, ಆ ಬಾಯಿಯೊಳಗೆ ಹೊಸ ಇಟ್ಟಿಗೆಯನ್ನು ಕೂರಿಸಬೇಕು, ಅಥವಾ ಎಂಜಿನಿಯರ್ ಹೇಳಿದಂತೆ ಕಬ್ಬಿಣದ ಸರಳು ನೆಡಬೇಕು. ಕಲ್ಲಿನ ಗೋಡೆಯಾದರೆ ಗೋಡೆಯ ಒಳಮುಖ ಹೊರಮುಖ ಎರಡನ್ನೂ ಹಿಡಿಯುವ ಉದ್ದ ಕಲ್ಲುಗಳನ್ನು ಎಲ್ಲೆಲ್ಲಿ ಇಡುತ್ತೀರಿ ಎಂದು ಕೇಳಬೇಕು. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪದಲ್ಲಿ ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಕುಸಿದು ಸಾವಿರಾರು ಜನ ಸತ್ತರು. ಅಂತಹ ಗೋಡೆಗಳ ಎರಡು ಮುಖಗಳನ್ನು ಹಿಡಿದಿಡುವ ಕಲ್ಲುಗಳಿಲ್ಲದಿದ್ದಾಗ ಅವು ಕಂಪನಕ್ಕೆ ಬೇರ್ಪಟ್ಟು ಉಬ್ಬಿ ಬೀಳುತ್ತವೆ. ಗೋಡೆಯ ದಪ್ಪವನ್ನೇ ಬಲವೆಂದು ಹೇಳುವ ಗುತ್ತಿಗೆದಾರರಿಗೆ ಈ ವಿಷಯ ತಿಳಿದಿಲ್ಲವೆಂದು ಅರ್ಥ.

ಮೂರನೆಯದು ಗಾರೆಯ ಮಿಶ್ರಣ. ಹೆಚ್ಚು ಸಿಮೆಂಟ್ ಹಾಕಿ ಗಟ್ಟಿ ಮಾಡುತ್ತೇನೆ ಎಂಬ ಮಾತು ಕೇಳಲು ಚೆನ್ನಾಗಿರುತ್ತದೆ. ಆದರೆ ಮೆತ್ತನೆಯ ಹಳೆ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟಿರುವ ಮನೆಗೆ ಗಡುಸಾದ ಸಿಮೆಂಟ್ ಗಾರೆ ಮೆತ್ತಿದರೆ ಬಿಸಿಲಿನ ಹಿಗ್ಗು ಕುಗ್ಗಿನ ಒತ್ತಡವೆಲ್ಲ ಇಟ್ಟಿಗೆಯ ಮೇಲೆ ಬೀಳುತ್ತದೆ, ತೇವ ಒಳಗೇ ಉಳಿಯುತ್ತದೆ, ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತದೆ. ಅಂತಹ ಗೋಡೆಗೆ ಸುಣ್ಣದ ಗಾರೆಯೇ ಸರಿ. ಹಳೆಯ ಗಾರೆಯನ್ನು ಕೆರೆದು ನೋಡದೆ ಮಿಶ್ರಣ ಹೇಳುವವರು ಈ ಮನೆಯನ್ನು ನೋಡಿಲ್ಲ, ತಮ್ಮ ರೂಢಿಯನ್ನು ಹೇಳುತ್ತಿದ್ದಾರೆ.

ಪ್ಲಾಸ್ಟರ್ ಬಿಡಿಸಿದ ಮೇಲೆ ಒಳಗೆ ಪೊಳ್ಳು ಕಂಡರೆ ಏನು ಮಾಡುತ್ತೀರಿ ಎಂಬುದನ್ನೂ ಕೇಳಿ. ಕೆಲಸ ನಿಲ್ಲಿಸಿ ನಿಮಗೂ ಎಂಜಿನಿಯರಿಗೂ ತೋರಿಸುತ್ತೇನೆ ಎಂಬುದೊಂದೇ ಸರಿಯಾದ ಉತ್ತರ.

ಕರಾರಿನಲ್ಲಿ ಬರೆಸಬೇಕಾದದ್ದು

ಕೂಲಿ ಮಾತ್ರವೋ, ಸಾಮಗ್ರಿ ಸಹಿತವೋ ಎಂಬುದು ಮೊದಲ ಸಾಲಿನಲ್ಲೇ ಇರಬೇಕು. ಸಾಮಗ್ರಿ ಸಹಿತವಾದರೆ ಸಿಮೆಂಟಿನ ವಿಧ, ಗಾರೆಯ ಪ್ರಮಾಣ, ಇಟ್ಟಿಗೆಯ ಗುಣಮಟ್ಟ, ಸರಳಿನ ಗಾತ್ರ ಎಲ್ಲವನ್ನೂ ಬರೆಸಬೇಕು, ಮತ್ತು ಪ್ರಮಾಣವನ್ನು ಅಳತೆ ಪೆಟ್ಟಿಗೆಯಿಂದಲೇ ಅಳೆಯಬೇಕೆಂದು ಸೇರಿಸಬೇಕು, ಏಕೆಂದರೆ ಸಲಿಕೆಯ ಲೆಕ್ಕ ಸಲಿಕೆ ಹಿಡಿದವರ ಕೈಯ ಮೇಲೆ ಹೋಗುತ್ತದೆ. ಸಾರವೆ ಕಟ್ಟುವುದು, ಹಳೆಯ ಇಟ್ಟಿಗೆ ತೆಗೆಯುವಾಗ ಗೋಡೆಗೂ ತಾರಸಿಗೂ ಕೊಡುವ ತಾತ್ಕಾಲಿಕ ಆಸರೆ, ಅವಶೇಷ ಸಾಗಿಸುವುದು ಯಾರ ಹೊಣೆ ಎಂಬುದೂ ಇರಲಿ.

ಎಲ್ಲಕ್ಕಿಂತ ಹೆಚ್ಚು ಜಗಳ ಹುಟ್ಟುವುದು ನೀರು ಹಾಕುವ ವಿಷಯದಲ್ಲಿ. ಗೋಡೆ ಮುಗಿದೊಡನೆ ಕೆಲಸಗಾರರು ಬೇರೆ ಕಡೆ ಹೋಗುತ್ತಾರೆ, ಮನೆಯವರು ಮರೆಯುತ್ತಾರೆ, ಗಾರೆ ಅರೆಬರೆಯಾಗಿ ಗಟ್ಟಿಯಾಗುತ್ತದೆ. ಮೇಲೆ ಹೇಳಿದ ಅಮೆರಿಕದ ಮೂರು ದಿನಕ್ಕೆ ನಿಲ್ಲಿಸದೆ, ಸಿಮೆಂಟ್ ಗಾರೆಯ ಗೋಡೆಯನ್ನು ಕನಿಷ್ಠ ಏಳು ದಿನ ತೇವವಾಗಿಡಬೇಕು, ಕಡು ಬೇಸಿಗೆಯಲ್ಲಿ ಹತ್ತು ದಿನವಾದರೆ ಒಳ್ಳೆಯದು. ಯಾರು, ದಿನಕ್ಕೆ ಎಷ್ಟು ಬಾರಿ ಎಂದು ಕರಾರಿನಲ್ಲೇ ಬರೆದಿರಬೇಕು. ಸುಣ್ಣದ ಗಾರೆ ಇನ್ನೂ ನಿಧಾನವಾಗಿ ಗಟ್ಟಿಯಾಗುವುದರಿಂದ ಅದಕ್ಕೆ ಬೇರೆ ಅವಧಿಯನ್ನು ಕೇಳಿ ಬರೆಸಿ.

ಹಣವನ್ನು ಹಂತಗಳಿಗೆ ಕಟ್ಟಿಹಾಕಬೇಕು. ಮುಂಗಡ ಸಣ್ಣದಿರಲಿ, ಪ್ರತಿ ಕಂತೂ ಮುಚ್ಚುವ ಮೊದಲು ನೋಡಿದ ಕೆಲಸಕ್ಕೆ ಇರಲಿ: ಬಿಡಿಸಿದ ಗೋಡೆ ತೋರಿಸಿದ ಮೇಲೆ ಒಂದು, ಕೂಡಿಕೆ ಮತ್ತು ಸರಳು ತೋರಿಸಿದ ಮೇಲೆ ಒಂದು, ನೀರು ಹಾಕುವ ದಿನಗಳು ಮುಗಿದ ಮೇಲೆ ಇನ್ನೊಂದು. ಪ್ರತಿ ಹಂತದಲ್ಲೂ ಅಳತೆ ಪಟ್ಟಿ ಕಾಣುವಂತೆ ಫೋಟೊ ತೆಗೆದಿಡಿ. ಎಂಜಿನಿಯರರು ಮುಂದೆ ಬಂದು ನೋಡುವಾಗ ಗೋಡೆಯೊಳಗೆ ಏನಿದೆ ಎಂದು ಹೇಳುವ ದಾಖಲೆ ಅದೊಂದೇ ಆಗಿರುತ್ತದೆ.

ಕೆಲಸ ನಡೆಯುತ್ತಿರುವಾಗ

ಮರಳು ಬಂದ ದಿನ ಗಾಜಿನ ಜಾಡಿಯಲ್ಲಿ ಅರ್ಧದಷ್ಟು ಮರಳು, ಮೇಲೆ ಚಿಟಿಕೆ ಉಪ್ಪು ಬೆರೆಸಿದ ನೀರು ಹಾಕಿ ಚೆನ್ನಾಗಿ ಕುಲುಕಿ ಕೆಲವು ಗಂಟೆ ಬಿಡಿ. ಮೇಲೆ ಕೂರುವ ನಯವಾದ ಮಣ್ಣಿನ ಪದರ ಮರಳಿನ ಎತ್ತರದ ಶೇಕಡಾ 8ಕ್ಕಿಂತ ಹೆಚ್ಚಿದ್ದರೆ ಆ ಮರಳನ್ನು ತೊಳೆಸಬೇಕು ಅಥವಾ ಹಿಂದಕ್ಕೆ ಕಳಿಸಬೇಕು. ಗಟ್ಟಿಯಾಗತೊಡಗಿದ ಗಾರೆಗೆ ಮತ್ತೆ ಮತ್ತೆ ನೀರು ಬೆರೆಸಿ ಮೆತ್ತಗೆ ಮಾಡುವುದು ಕಂಡರೆ ತಕ್ಷಣ ನಿಲ್ಲಿಸಿ. ಇದು ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನದ ಊಟದ ನಂತರ ಹೆಚ್ಚು ನಡೆಯುತ್ತದೆ, ಆದ್ದರಿಂದ ನೋಡಲು ಹೋಗುವುದಾದರೆ ಆ ಹೊತ್ತಿಗೆ ಹೋಗಿ.

ದುರಸ್ತಿಗೆ ಕೈ ಹಾಕಿದ ಮೇಲೆ ತಾರಸಿಯ ಅಂಚಿನ ಪ್ಯಾರಪೆಟ್, ಹೊಗೆಗೂಡು, ಕಾಂಪೌಂಡ್ ಗೋಡೆಗಳನ್ನು ಬಿಟ್ಟುಬಿಡಬೇಡಿ. ಸರಳಿನ ಆಸರೆಯಿಲ್ಲದೆ ಒಂಟಿಯಾಗಿ ನಿಂತ ಇವು ಸಾಧಾರಣ ಕಂಪನಕ್ಕೂ ಬೀಳಬಲ್ಲವು, ಬೀಳುವುದು ಮನೆಯಿಂದ ಹೊರಕ್ಕೆ ಓಡುವವರ ಮೇಲೆ. ಕಿಟಕಿ ಬಾಗಿಲುಗಳ ಮೇಲಿನ ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟ್ ಪಟ್ಟಿ ಇಲ್ಲದ ಹಳೆಯ ಮನೆಗೆ, ಗೋಡೆಯ ಒಳಹೊರಗೆ ವೆಲ್ಡ್ ಮಾಡಿದ ತಂತಿ ಜಾಲರಿ ಹೊಡೆದು, ಎರಡನ್ನೂ ಗೋಡೆಯ ಮೂಲಕ ತಂತಿಯಿಂದ ಬಿಗಿದು, ಮೇಲೆ ಸಿಮೆಂಟ್ ಪದರ ಕೊಡುವ ಪಟ್ಟಿಯ ಬಗ್ಗೆ ಎಂಜಿನಿಯರರನ್ನು ಇದೇ ಸಮಯದಲ್ಲಿ ಕೇಳುವುದು ಲೇಸು, ಪ್ಲಾಸ್ಟರ್ ಹೇಗೂ ಬಿಚ್ಚಿರುತ್ತದೆ.

ಒಟ್ಟು ಮೊತ್ತದ ಶೇಕಡಾ ಐದರಿಂದ ಹತ್ತರಷ್ಟನ್ನು ಒಂದು ಬೇಸಿಗೆ ಕಳೆಯುವವರೆಗೆ ಹಿಡಿದಿಡುವಂತೆ ಮೊದಲೇ ಒಪ್ಪಿಕೊಂಡಿರಬೇಕು. ಅದನ್ನು ಕೊಡುವ ದಿನ ಹೊಸ ಪ್ಲಾಸ್ಟರನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ನೋಡಿ, ಪೊಳ್ಳು ಸದ್ದು ಬಂದ ಜಾಗಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಅವು ಸರಿಯಾದ ಮೇಲೆ ಕೊನೆಯ ಕಂತನ್ನು ತೀರಿಸಿ.