ಯುರೋಪಾ ಯೂನಿವರ್ಸಾಲಿಸ್ 4ರಲ್ಲಿ ವಿಜಯನಗರ: ನಾನು ಆಡುವ ಕ್ರಮ

ಹಳೆಯ ಕಾಲದ ರಾಜ್ಯವೊಂದನ್ನು ನಾವೇ ನಡೆಸುವ ಕಂಪ್ಯೂಟರ್ ಆಟ ಯುರೋಪಾ ಯೂನಿವರ್ಸಾಲಿಸ್ 4 ಶುರುವಾಗುವುದು 1444ರ ನವೆಂಬರ್ 11ಕ್ಕೆ. ಹಿಂದಿನ ದಿನ ಯುರೋಪಿನ ವಾರ್ನಾ ಕದನದಲ್ಲಿ ಆಟೊಮನ್ ತುರ್ಕರು ಗೆದ್ದಿದ್ದರು. ತಾರೀಖು ಆರಿಸಿದ್ದು ಅದಕ್ಕಾಗಿ. ಮಂಗಳೂರು, ಉಡುಪಿ ಕಡೆಯವರಿಗೆ ಆ ಕಾಲದ ಜೊತೆ ಇನ್ನೊಂದು ನಂಟಿದೆ. 1443ರಲ್ಲಿ ತೈಮೂರ್ ವಂಶದ ಷಾರುಖನ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಸಮುದ್ರದ ದಾರಿಯಲ್ಲಿ ಮಂಗಳೂರಿಗೆ ಬಂದು, ಇಲ್ಲಿಂದ ಘಟ್ಟ ಹತ್ತಿ ವಿಜಯನಗರ ಸೇರಿದ. ಆಗ ಮಂಗಳೂರು ಮತ್ತು ಬಾರ್ಕೂರು ವಿಜಯನಗರದ ಎರಡು ‘ರಾಜ್ಯ’ಗಳು, ಅಂದರೆ ಪ್ರಾಂತ್ಯಗಳು, ರಾಯರ ಅಧಿಕಾರಿಗಳು ಕೂತು ಆಳುತ್ತಿದ್ದ ಊರುಗಳು. ಆಟದಲ್ಲಿ ನಮ್ಮ ಕೈಗೆ ಸಿಗುವುದು ಆ ರಜಾಕ್ ಕಂಡ ಎರಡನೇ ದೇವರಾಯನ ರಾಜ್ಯವೇ.

ಐತಿಹಾಸಿಕ ಆಟಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಆ ರಾಜ್ಯಕ್ಕೆ ನಿಜವಾಗಿ ಇದ್ದ ಕಷ್ಟಗಳನ್ನು ನಾವೂ ಹೊತ್ತುಕೊಂಡು ಆಡಬೇಕು. ಆಟ ಆ ಕಷ್ಟವನ್ನು ಕೊಡದಿದ್ದಲ್ಲಿ ನಾವೇ ನಿಯಮ ಹಾಕಿಕೊಳ್ಳಬೇಕು. ನಕ್ಷೆಗೆಲ್ಲ ಒಂದೇ ಬಣ್ಣ ಬಳಿಯುವುದೇ ಗುರಿಯಾದರೆ ವಿಜಯನಗರವಾದರೇನು, ಸ್ವೀಡನ್ ಆದರೇನು, ಎಲ್ಲ ಒಂದೇ ಆಗಿಬಿಡುತ್ತದೆ. ಆದರೆ ನಿಯಮ ಹಾಕಿಕೊಳ್ಳುವ ಮೊದಲು ಲೆಕ್ಕ ಗೊತ್ತಿರಬೇಕು. ಹಾಗಾಗಿ ಮೊದಲು ಲೆಕ್ಕ.

ಮೊದಲ ದಿನ ಗಡಿಯಾರ ಓಡಿಸಬಾರದು. ಆಟವನ್ನು ತಡೆದು, ಪಾಜ್‌ನಲ್ಲೇ ಇಟ್ಟು ಮಾಡುವ ಕೆಲಸ ಬಹಳ ಇದೆ. ಮೂರು ರೈವಲ್‌ಗಳನ್ನು, ಅಂದರೆ ಎದುರಾಳಿ ಎಂದು ಸಾರುವ ರಾಜ್ಯಗಳನ್ನು, ಆಗಲೇ ಆರಿಸಿ, ಬಹಮನಿ ಅದರಲ್ಲಿ ಇರಲೇಬೇಕು. ರಾಜ್ಯದ ವರ್ಚಸ್ಸು ಅಳೆಯುವ ಪವರ್ ಪ್ರೊಜೆಕ್ಷನ್ 50 ದಾಟಿದರೆ ಅಡ್ಮಿನ್ (ಆಡಳಿತ), ಡಿಪ್ಲೊ (ರಾಜತಂತ್ರ), ಮಿಲಿಟರಿ (ಸೇನೆ) ಮೂರಕ್ಕೂ, ಕೆಲಸ ಮಾಡಿಸಲು ಖರ್ಚು ಮಾಡುವ, ತಿಂಗಳಿಗೊಂದು ಪಾಯಿಂಟ್ ಹೆಚ್ಚಿಗೆ ಬರುತ್ತದೆ; ಅದರ ಬುನಾದಿ ರೈವಲ್‌ಗಳೇ. ಆಮೇಲೆ ಬಹಮನಿಯ ಬೆನ್ನಿಗಿರುವ ಮಾಳ್ವ, ಗುಜರಾತ್, ಪೂರ್ವದಲ್ಲಿ ಒರಿಸ್ಸಾ ಇವುಗಳಲ್ಲಿ ಯಾರು ಬಹಮನಿಯನ್ನು ರೈವಲ್ ಮಾಡಿಕೊಂಡಿದ್ದಾರೆ ಎಂದು ನೋಡಬೇಕು. ಇದು ಪ್ರತಿ ಆಟದಲ್ಲೂ ಬದಲಾಗುತ್ತದೆ. ಹಾಗೆ ಮಾಡಿಕೊಂಡವರ ಜೊತೆ ಅಲೈಯನ್ಸ್ (ಮೈತ್ರಿ) ಬೇಗ ಕುದುರುತ್ತದೆ. ಸೈನ್ಯದ ಗಾತ್ರ ನೋಡಿ ಮರುಳಾಗಿ, ನಮ್ಮ ಯುದ್ಧಕ್ಕೆ ಬಾರದ ದೂರದವನನ್ನು ಹಿಡಿದುಕೊಂಡರೆ, ಇಷ್ಟೇ ಎಂದು ಮಿತಿಯಿರುವ ಸಂಬಂಧಗಳಲ್ಲಿ ಒಂದು ದಂಡ.

ಸಲಹೆಗಾರರನ್ನು ಮೂರೂ ಕಡೆ ಮೊದಲ ಮಟ್ಟದವರನ್ನೇ ಇಡುತ್ತೇನೆ. ಸಂಬಳ ಮಟ್ಟದ ವರ್ಗಕ್ಕೆ ಸಮ: ಮೊದಲನೆಯದಕ್ಕೆ ತಿಂಗಳಿಗೆ 1 ಡುಕಾಟ್ (ಆಟದ ನಾಣ್ಯ), ಎರಡನೆಯದಕ್ಕೆ 4, ಮೂರನೆಯದಕ್ಕೆ 9. ಒಂದು ಪಾಯಿಂಟ್ ಹೆಚ್ಚಿಗೆ ಸಿಗಲೆಂದು ನಾಲ್ಕು ಪಟ್ಟು ಕೊಡುವುದು ಶುರುವಿನ ಬೊಕ್ಕಸಕ್ಕೆ ತಡೆಯದು. ಎಸ್ಟೇಟ್‌ಗಳ, ಅಂದರೆ ರಾಜ್ಯದೊಳಗಿನ ಪ್ರಬಲ ವರ್ಗಗಳ, ವಿಷಯದಲ್ಲಿ ಕ್ರಮ ಮುಖ್ಯ. ಮೊದಲು ಸವಲತ್ತು ಕೊಟ್ಟು ನಿಷ್ಠೆ ಏರಿಸಿ, ಆಮೇಲೆ ಅವರ ಜಮೀನು ಕಸಿಯುವ ಸೀಜ್ ಲ್ಯಾಂಡ್ ಗುಂಡಿ ಒತ್ತಬೇಕು. ಅರಸನ ಜಮೀನು ಶೇ. 5 ಏರುತ್ತದೆ, ಎಲ್ಲ ಎಸ್ಟೇಟ್‌ಗಳ ನಿಷ್ಠೆ 20 ಇಳಿಯುತ್ತದೆ. ಈ ಕ್ರಮ ತಿರುವುಮುರುವಾದರೆ ಮೊದಲ ತಿಂಗಳಲ್ಲೇ ದಂಗೆ. ತಿಂಗಳಿಗೊಂದು ಪಾಯಿಂಟ್ ಕೊಡುವ ಸವಲತ್ತುಗಳನ್ನು ಮೂರು ಮುಖ್ಯ ಎಸ್ಟೇಟ್‌ಗಳಿಂದಲೂ ತೆಗೆದುಕೊಳ್ಳುತ್ತೇನೆ. ಅವರ ಪ್ರಭಾವ ಏರುತ್ತದೆ, ಮುಂದೆ ಅಬ್ಸೊಲ್ಯೂಟಿಸಂ (ಅರಸನ ನಿರಂಕುಶ ಅಧಿಕಾರ) ಬರುವ ಕಾಲಕ್ಕೆ ಅಡ್ಡಿಯಾಗುತ್ತದೆ, ನಿಜ. ಅದು ಬರುವುದು ನೂರೈವತ್ತು ವರ್ಷ ಆದಮೇಲೆ.

ಪಾಯಿಂಟ್‌ಗಳೇ ಈ ಆಟದ ಜೀವಾಳ. ತಿಂಗಳಿಗೆ ಮೂಲ 3, ಅರಸನ ಸಾಮರ್ಥ್ಯದಿಂದ 0ರಿಂದ 6, ಸಲಹೆಗಾರನಿಂದ ಮತ್ತಷ್ಟು. ಅರಸನ ಅಡ್ಮಿನ್ 3, ಸಲಹೆಗಾರ ಮೊದಲ ಮಟ್ಟ ಎಂದಿಟ್ಟುಕೊಳ್ಳಿ, ತಿಂಗಳಿಗೆ 7 ಬರುತ್ತದೆ. ಗೆದ್ದ ಪ್ರಾಂತ್ಯವನ್ನು ಕೋರ್ ಮಾಡಲು, ಅಂದರೆ ಪೂರ್ತಿ ನಮ್ಮದಾಗಿಸಲು, ಅದರ ಅಭಿವೃದ್ಧಿ ಅಳೆಯುವ ಒಂದೊಂದು ಡೆವಲಪ್‌ಮೆಂಟ್‌ಗೂ (ಡೆವ್) 10 ಅಡ್ಮಿನ್ ಪಾಯಿಂಟ್ ಮೂಲ ಬೆಲೆ. 12 ಡೆವ್ ಇರುವ ಐದು ಪ್ರಾಂತ್ಯ ಒಂದೇ ಏಟಿಗೆ ನುಂಗಿದರೆ 600 ಪಾಯಿಂಟ್, ಅಂದರೆ ಏಳು ವರ್ಷದ ಗಳಿಕೆ. ಒಂದು ಅಡ್ಮಿನ್ ಟೆಕ್ನಾಲಜಿಯ ಮೂಲ ಬೆಲೆಯೂ 600. ಐದು ಪ್ರಾಂತ್ಯ ನುಂಗಿದವನು ಒಂದು ಟೆಕ್ ಕಳೆದುಕೊಂಡ ಹಾಗೆ. ಆ ಪ್ರಾಂತ್ಯದ ಮೇಲೆ ಕ್ಲೇಮ್ (ನಮ್ಮದೆಂಬ ಹಕ್ಕುದಾವೆ) ಇದ್ದರೆ ಕೋರ್ ಬೆಲೆ ಶೇ. 10 ಕಡಿಮೆ. ಅದಕ್ಕೇ ಬಹಮನಿಯ ಮೇಲೆ ಮೊದಲ ತಿಂಗಳಿನಿಂದಲೇ ಗೂಢಚಾರ ಜಾಲ ಕಟ್ಟಿ, 20 ಆದಾಗಲೆಲ್ಲ ಒಂದು ಕ್ಲೇಮ್ ಹೊಸೆಯುತ್ತೇನೆ.

ಈಗ ಯುದ್ಧ. ಆರಂಭದ ಕಾಲಕ್ಕೆ ಕಾಂಬ್ಯಾಟ್ ವಿಡ್ತ್, ಅಂದರೆ ಕಾಳಗದ ಸಾಲಿನಲ್ಲಿ ಒಮ್ಮೆಗೆ ನಿಲ್ಲಬಹುದಾದ ರೆಜಿಮೆಂಟ್‌ಗಳು, 20. ಒಂದು ರೆಜಿಮೆಂಟ್ ಅಂದರೆ 1,000 ಜನ. ಕಾಲಾಳಿಗೆ 10 ಡುಕಾಟ್, ಕುದುರೆಗೆ 25, ಫಿರಂಗಿಗೆ 30. ಫಿರಂಗಿ ಸಿಗುವುದು ಮಿಲಿಟರಿ ಟೆಕ್ 7ರಿಂದ. ಹಾಗಾಗಿ ಮೊದಲ ಸೈನ್ಯ 16 ಕಾಲಾಳು, 4 ಕುದುರೆ. ಅದಕ್ಕಿಂತ ದೊಡ್ಡದನ್ನು ಒಂದೇ ಕಡೆ ನಿಲ್ಲಿಸಿದರೆ ಆ ನೆಲ ಸಾಕಬಲ್ಲ ಮಿತಿ, ಸಪ್ಲೈ ಲಿಮಿಟ್, ದಾಟಿ ತಿಂಗಳು ತಿಂಗಳು ಜನ ಸಾಯುತ್ತಾರೆ. ಎರಡು ಪಾಲು ಮಾಡಿ ಪಕ್ಕಪಕ್ಕದ ಪ್ರಾಂತ್ಯದಲ್ಲಿಟ್ಟು, ಶತ್ರು ಒಂದಕ್ಕೆ ಕೈಹಾಕಿದ ತಕ್ಷಣ ಇನ್ನೊಂದನ್ನು ಸೇರಿಸಬೇಕು.

ಮಿಲಿಟರಿ ಟೆಕ್ 4 ಬರುವವರೆಗೆ ನಾನು ಯುದ್ಧ ಸಾರುವುದಿಲ್ಲ. ಆ ಟೆಕ್‌ನಲ್ಲಿ ಮೊರೇಲ್ (ಸೈನ್ಯದ ಸ್ಥೈರ್ಯ) ಏರುತ್ತದೆ, ಮೊದಲ ಶತಮಾನದ ಕಾಳಗ ಗೆಲ್ಲುವುದು ಮೊರೇಲ್‌ನಿಂದಲೇ. ಬಹಮನಿಗೆ ಆ ಟೆಕ್ ಬಂದಿಲ್ಲ, ನಮಗೆ ಬಂದಿದೆ ಎನ್ನುವ ಸಂದಿಯೊಂದು ಸಿಗುತ್ತದೆ. ಎಲ್ಲ ರಾಜ್ಯಗಳ ಅಂಕಿಯಿರುವ ಲೆಡ್ಜರ್ ತೆರೆದು ಅದನ್ನು ಕಾಯಬೇಕು. ಇಲ್ಲಿ ಬಹಳ ಜನ ಎಡವುವ ಒಂದು ಸಣ್ಣ ವಿಷಯ ಇದೆ. ಶಾಂತಿಕಾಲದಲ್ಲಿ ದುಡ್ಡು ಉಳಿಸಲು ಸೈನ್ಯದ ನಿರ್ವಹಣೆಯ ಸ್ಲೈಡರ್ ಇಳಿಸಿರುತ್ತಾರೆ, ಯುದ್ಧ ಸಾರಿದ ದಿನ ಏರಿಸುತ್ತಾರೆ. ಮೊರೇಲ್ ಒಂದೇ ದಿನದಲ್ಲಿ ತುಂಬುವುದಿಲ್ಲ, ತಿಂಗಳಿಗಿಷ್ಟು ಎಂದು ಏರುತ್ತದೆ. ಅರ್ಧ ಮೊರೇಲ್‌ನ ಸೈನ್ಯ ಸಂಖ್ಯೆಯಲ್ಲಿ ದೊಡ್ಡದಿದ್ದರೂ ಓಡುತ್ತದೆ. ಸ್ಲೈಡರ್ ಮೇಲೆ ಮಾಡಿ, ಸೈನ್ಯದ ಹಸಿರು ಪಟ್ಟಿ ತುಂಬಿದ್ದು ಕಣ್ಣಾರೆ ಕಂಡ ಮೇಲೆ ಯುದ್ಧ ಸಾರಿ.

ನೆಲ ನೋಡದೆ ನುಗ್ಗುವುದು ಇನ್ನೊಂದು ದೊಡ್ಡ ನಷ್ಟ. ಕಾಳಗ ನಿರ್ಧರಿಸುವುದು ಆಟ ತಾನೇ ಎಸೆಯುವ ದಾಳ (ಡೈಸ್). ದಾಳಿ ಮಾಡುವವನಿಗೆ ಗುಡ್ಡ, ಕಾಡು, ಜೌಗಿನಲ್ಲಿ ಡೈಸ್‌ಗೆ -1, ಬೆಟ್ಟದಲ್ಲಿ -2, ನದಿ ದಾಟಿ ಹೋದರೆ ಮತ್ತೊಂದು -1, ಹಡಗಿನಿಂದ ಇಳಿದು ಹೊಡೆದರೆ -2. ಡೈಸ್ ಬೀಳುವುದೇ 0ರಿಂದ 9ರ ನಡುವೆ. ಅದರಲ್ಲಿ ಎರಡು ಮೂರು ಹೋದರೆ ಒಳ್ಳೆಯ ಸೇನಾಪತಿಯ ಸಾಮರ್ಥ್ಯವೆಲ್ಲ ಅಲ್ಲಿಗೆ ಸೊನ್ನೆ. ಟೆರೈನ್ ಮ್ಯಾಪ್ ಮೋಡ್ ಹಾಕಿ, ನಮ್ಮ ಗುಡ್ಡದ ಪ್ರಾಂತ್ಯವೊಂದರಲ್ಲಿ ನಿಂತು, ಶತ್ರು ಮೇಲೆ ಬೀಳುವ ತನಕ ತಾಳಬೇಕು. ಸೋತ ಸೈನ್ಯ ದೂರ ಓಡುತ್ತದೆ, ಓಡುವಾಗ ಕೈಗೆ ಸಿಗುವುದಿಲ್ಲ. ಅದು ಹೋಗಿ ನಿಲ್ಲುವ ಪ್ರಾಂತ್ಯಕ್ಕೆ ಮೊರೇಲ್ ತುಂಬುವ ಮೊದಲೇ ತಲುಪಿದರೆ ಎರಡನೇ ಏಟಿಗೆ ಪೂರ್ತಿ ಅಳಿಯುತ್ತದೆ. ಮುತ್ತಿಗೆಗೆ ಸಾಕಷ್ಟು ಜನರನ್ನು ಬಿಟ್ಟು ಉಳಿದವರನ್ನು ಬೆನ್ನಟ್ಟಲು ಕಳಿಸಿ. ಕೋಟೆಯ ಡೈಸ್ 30 ದಿನಕ್ಕೊಮ್ಮೆ ಬೀಳುತ್ತದೆ, ಅಲ್ಲಿ ಅವಸರ ಮಾಡಿ ಪ್ರಯೋಜನ ಇಲ್ಲ.

ಸಂಧಿಯಲ್ಲಿ ಕೈ ಹಿಡಿದು ತೆಗೆದುಕೊಳ್ಳಬೇಕು. ನಾವು ನೆಲ ಕಿತ್ತುಕೊಂಡದ್ದಕ್ಕೆ ಬೇರೆಯವರಿಗೆ ಬರುವ ಸಿಟ್ಟಿನ ಅಂಕಿ ಅಗ್ರೆಸಿವ್ ಎಕ್ಸ್‌ಪ್ಯಾನ್ಷನ್; ಅದು ಒಂದೊಂದು ದೇಶಕ್ಕೂ ಬೇರೆ ಬೇರೆ ಲೆಕ್ಕ. ಯಾರ ಪ್ರಾಂತ್ಯ ಕಿತ್ತುಕೊಂಡೆವೋ ಅವರದೇ ಧರ್ಮದ ನೆರೆಯವರಿಗೆ ಹೆಚ್ಚು ಸಿಟ್ಟು. 50 ದಾಟಿದವರು ನಮ್ಮ ವಿರುದ್ಧ ಕೊಯಲಿಷನ್ (ಒಕ್ಕೂಟ) ಕಟ್ಟುತ್ತಾರೆ. ವರ್ಷಕ್ಕೆ ಸುಮಾರು 2ರಂತೆ ಅದು ಕರಗುತ್ತದೆ. ಬಹಮನಿಯಿಂದ ಕಿತ್ತುಕೊಂಡರೆ ಗುಜರಾತ್, ಮಾಳ್ವಗಳಿಗೆ ಉರಿಯುತ್ತದೆ, ದಕ್ಷಿಣದ ಸಣ್ಣ ಹಿಂದೂ ಅರಸರಿಗೆ ಅಷ್ಟಿಲ್ಲ. ಆದ್ದರಿಂದ ಒಂದು ಯುದ್ಧ ಉತ್ತರಕ್ಕೆ, ಮುಂದಿನದು ದಕ್ಷಿಣಕ್ಕೆ. ಸಂಧಿಯಾದ ಮೇಲಿನ ಕದನವಿರಾಮ (ಟ್ರೂಸ್) ಮುಗಿಯುವಷ್ಟರಲ್ಲಿ ಉತ್ತರದ ಸಿಟ್ಟೂ ಇಳಿದಿರುತ್ತದೆ.

ಟೆಕ್‌ನಲ್ಲಿ ಹಿಂದುಳಿಯುವುದಕ್ಕೆ ನಿಜವಾದ ಕಾರಣ ಇನ್‌ಸ್ಟಿಟ್ಯೂಷನ್, ಅಂದರೆ ಒಂದು ಕಡೆ ಹುಟ್ಟಿ ಲೋಕಕ್ಕೆ ಹರಡುವ ಹೊಸ ವಿಚಾರ, ವ್ಯವಸ್ಥೆಗಳು. ರಿನೈಸಾನ್ಸ್ 1450ಕ್ಕೆ ಇಟಲಿಯ ಕಡೆ ಹುಟ್ಟುತ್ತದೆ, ಕಾಲೊನಿಯಲಿಸಂ 1500ಕ್ಕೆ, ಪ್ರಿಂಟಿಂಗ್ ಪ್ರೆಸ್ 1550ಕ್ಕೆ. ಒಪ್ಪಿಕೊಳ್ಳದ ಒಂದೊಂದಕ್ಕೂ ಟೆಕ್ ಬೆಲೆ ವರ್ಷಕ್ಕೆ ಶೇ. 1ರಂತೆ ಏರುತ್ತ ಶೇ. 50ಕ್ಕೆ ಮುಟ್ಟುತ್ತದೆ. ಅದು ತಾನಾಗಿ ಹರಡಿ ಇಲ್ಲಿಗೆ ಬರಲಿ ಎಂದು ಕೂತರೆ ಆಗುವುದಿಲ್ಲ. ಒಂದೇ ಪ್ರಾಂತ್ಯವನ್ನು ಸತತವಾಗಿ ಡೆವಲಪ್ ಮಾಡಿ ಅಲ್ಲೇ ಹುಟ್ಟಿಸಬೇಕು. ಒಂದು ಕ್ಲಿಕ್‌ನ ಮೂಲ ಬೆಲೆ 50. ಹತ್ತಿ ಬೆಳೆಯುವ ಪ್ರಾಂತ್ಯವಾದರೆ ಶೇ. 10 ಕಡಿಮೆ, ಫಾರ್ಮ್‌ಲ್ಯಾಂಡ್ (ಕೃಷಿಭೂಮಿ) ಆದರೆ ಶೇ. 5, ಡೆವಲಪ್‌ಮೆಂಟ್ ಎಡಿಕ್ಟ್ (ರಾಜಾಜ್ಞೆ) ಹಾಕಿದರೆ ಶೇ. 10, ಪ್ರಾಸ್ಪೆರಿಟಿ (ಸಮೃದ್ಧಿ) ತುಂಬಿದ್ದರೆ ಇನ್ನೊಂದು ಶೇ. 10. ಎಲ್ಲ ಸೇರಿ ಬಂದರೆ 50 ಇದ್ದದ್ದು 32ರ ಹತ್ತಿರಕ್ಕೆ ಇಳಿಯುತ್ತದೆ. ಕ್ಲಿಕ್ ಏರಿದಂತೆ ಬೆಲೆಯೂ ಏರುವುದರಿಂದ ಈ ರಿಯಾಯಿತಿ ಇಲ್ಲದೆ ಕೈಹಾಕಬೇಡಿ. ಇನ್‌ಸ್ಟಿಟ್ಯೂಷನ್ ಹುಟ್ಟುವ ಮೊದಲೇ ಮಾಡಿದ ಕ್ಲಿಕ್ ಅದರ ಲೆಕ್ಕಕ್ಕೆ ಸೇರುವುದಿಲ್ಲ. ಮೂರು ಪ್ರಾಂತ್ಯಕ್ಕೆ ಹಂಚಿದರೆ ಮೂರರಲ್ಲೂ ಅರ್ಧಂಬರ್ಧ. ಗುಡ್ಡಕಾಡಿನ ಪ್ರಾಂತ್ಯದಲ್ಲಂತೂ ಬೇಡವೇ ಬೇಡ. ಜಂಗಲ್ ಮತ್ತು ಬೆಟ್ಟಕ್ಕೆ ಶೇ. 35 ಹೆಚ್ಚು.

ವ್ಯಾಪಾರದ ವ್ಯವಸ್ಥೆ ನನಗೆ ಒಪ್ಪಿಗೆಯಾಗದ ಭಾಗ. ನಕ್ಷೆಯಲ್ಲಿ ವ್ಯಾಪಾರದ ಹರಿವು ತೋರಿಸುವ ಬಾಣಗಳೆಲ್ಲ ಒಂದೇ ದಿಕ್ಕಿಗೆ, ಕೊನೆಗೆ ಯುರೋಪಿಗೆ. ಬಾರ್ಕೂರು, ಬಸ್ರೂರಿನ ಅಕ್ಕಿ ಪಶ್ಚಿಮಕ್ಕೆ ಹೋಗಿ ಅಲ್ಲಿಂದ ಕುದುರೆ, ಹಣ ಬರುತ್ತಿದ್ದ ಎರಡು ದಿಕ್ಕಿನ ಸಂಬಂಧವನ್ನು ಈ ಬಾಣ ತೋರಿಸುವುದಿಲ್ಲ. ಆಟಗಾರ ಏನೇ ಮಾಡಿದರೂ ಹರಿವು ತಿರುಗುವುದಿಲ್ಲ. ಇರುವುದರಲ್ಲಿ ಮಾಡಬಹುದಾದ್ದು ಲೈಟ್ ಶಿಪ್ (ಹಗುರ ಹಡಗು) ಕಟ್ಟಿ ಪಶ್ಚಿಮ ಕರಾವಳಿಯ ವ್ಯಾಪಾರದ ಪಾಲು ಹಿಡಿಯುವುದು. ಒಂದಕ್ಕೆ 20 ಡುಕಾಟ್. ಹುಟ್ಟು ಹಾಕಿ ನಡೆಸುವ ಗ್ಯಾಲಿ 10ಕ್ಕೇ ಸಿಗುತ್ತದೆಂದು ಕಟ್ಟಬೇಡಿ, ಅದರ ಬಲ ಒಳನಾಡಿನ ಸಮುದ್ರದಲ್ಲಿ ಮಾತ್ರ. ಪೋರ್ಚುಗೀಸರ ಹಡಗು ನಮ್ಮ ತೀರಕ್ಕೆ ಬಂದಾಗ ಗ್ಯಾಲಿಗಳ ಸಾಲು ನಿಲ್ಲುವುದಿಲ್ಲ.

ಈಗ ನಾನು ಹಾಕಿಕೊಂಡ ನಿಯಮಗಳು. ವಿಜಯನಗರಕ್ಕೆ ಒಳ್ಳೆಯ ಕುದುರೆ ಸಮುದ್ರದಾಚೆಯಿಂದ ಬರಬೇಕಿತ್ತು. ಭಟ್ಕಳ, ಹೊನ್ನಾವರದಂಥ ಬಂದರು ಕೈತಪ್ಪಿದರೆ ಅಶ್ವದಳ ಸೊರಗುತ್ತಿತ್ತು. ಆಟದಲ್ಲಿ 25 ಡುಕಾಟ್ ಕೊಟ್ಟರೆ ಯಾವ ಮೂಲೆಯಲ್ಲೂ ಕುದುರೆ ಹುಟ್ಟುತ್ತದೆ. ಹಾಗಾಗಿ ಕುದುರೆ ಬರುತ್ತಿದ್ದ ಪರ್ಷಿಯನ್ ಕೊಲ್ಲಿಯ ಬಂದರು ರಾಜ್ಯ ಹರ್ಮುಜ್ ಜೊತೆಗಿನ ಸಂಬಂಧ ಸೊನ್ನೆಗಿಂತ ಕೆಳಗಿದ್ದರೆ ಹೊಸ ಕುದುರೆ ರೆಜಿಮೆಂಟ್ ಕಟ್ಟುವುದಿಲ್ಲ, ಕರಾವಳಿಯ ಪ್ರಾಂತ್ಯದಲ್ಲಿ ಬಿಟ್ಟು ಬೇರೆಲ್ಲೂ ಕಟ್ಟುವುದಿಲ್ಲ. ಇದರಿಂದ ಇರುವ ಇಬ್ಬರು ರಾಯಭಾರಿಗಳಲ್ಲಿ ಒಬ್ಬ ಆಗಾಗ ಹರ್ಮುಜ್‌ನಲ್ಲಿ ಕೂರಬೇಕಾಗುತ್ತದೆ, ಕ್ಲೇಮ್ ಹೊಸೆಯುವ ಕೆಲಸ ನಿಧಾನವಾಗುತ್ತದೆ. ಆ ಎಳೆದಾಟವೇ ನನಗೆ ಬೇಕಾದದ್ದು. ಎರಡನೆಯ ನಿಯಮ, 1500ರವರೆಗೆ ಕೃಷ್ಣಾ ನದಿಯಾಚೆ ಪ್ರಾಂತ್ಯ ತೆಗೆದುಕೊಳ್ಳುವುದಿಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬ್‌ಗಾಗಿ ತಲೆಮಾರುಗಳ ಕಾಲ ಹೊಡೆದಾಟ ನಡೆದು 1520ರಲ್ಲಿ ಕೃಷ್ಣದೇವರಾಯ ಅದನ್ನು ಗೆದ್ದ. ಅದಕ್ಕಿರುವ ಬೆಲೆ ಆಟದಲ್ಲೂ ಉಳಿಯಬೇಕು. ಮೂರನೆಯದು, ಕೆಟ್ಟದ್ದಾಯಿತೆಂದು ಹಳೆಯ ಸೇವ್‌ಗೆ ಹಿಂದಿರುಗುವುದಿಲ್ಲ. ದೇವರಾಯ ನಿಜದಲ್ಲಿ 1446ರಲ್ಲಿ ತೀರಿಕೊಂಡ. ಆಟದಲ್ಲಿ ಬದುಕಿದರೆ ಬದುಕಲಿ, ಮುಂದಿನವನು ಕೈಲಾಗದವನಾದರೆ ಹಾಗೇ ಆಡುತ್ತೇನೆ.

ಪಾತ್ರವಾಗಿ ಬದುಕಿ ಆಡಬೇಕೆನ್ನುವವರಿಗೆ ಮಾತ್ರ ಇದಕ್ಕಿಂತ ಕ್ರುಸೇಡರ್ ಕಿಂಗ್ಸ್ 3 ಒಳ್ಳೆಯದು. ಯುರೋಪಾದಲ್ಲಿ ಅರಸ ಅಂದರೆ ಮೂರು ಅಂಕಿ, ಒಂದೆರಡು ಗುಣ. ಅಲ್ಲಿ ಸ್ವಭಾವಕ್ಕೆ ವಿರುದ್ಧ ನಡೆದರೆ ಸ್ಟ್ರೆಸ್ (ಮನಸ್ಸಿನ ಒತ್ತಡ) ಏರುತ್ತದೆ; 100, 200, 300 ದಾಟಿದಾಗೆಲ್ಲ ಮನಸ್ಸು ಒಡೆಯುತ್ತದೆ. ಕರುಣೆಯುಳ್ಳವನು ಕೈದಿಯನ್ನು ಕೊಂದರೆ ಅವನೇ ಕುಸಿಯುತ್ತಾನೆ. 1066ರ ಆರಂಭದಲ್ಲಿ ಕಲ್ಯಾಣದ ಚಾಲುಕ್ಯರನ್ನು ಹಿಡಿಯಿರಿ. ಮಕ್ಕಳಿಗೆ ರಾಜ್ಯ ಹಂಚಿಹೋಗುವ ಪಾರ್ಟಿಷನ್ ನಿಯಮದಿಂದ ಅಣ್ಣತಮ್ಮಂದಿರ ಜಗಳ ತಾನಾಗಿ ಬರುತ್ತದೆ. ಒಂದನೇ ಸೋಮೇಶ್ವರನ ಮಕ್ಕಳಾದ ಎರಡನೇ ಸೋಮೇಶ್ವರ ಮತ್ತು ಆರನೇ ವಿಕ್ರಮಾದಿತ್ಯರ ನಡುವೆ ಆದದ್ದೂ ಅದೇ, 1076ರಲ್ಲಿ ತಮ್ಮ ಪಟ್ಟ ಹಿಡಿದ. ಗುಣಕ್ಕೆ ಸರಿಹೊಂದುವ ಆಯ್ಕೆಯನ್ನೇ ಒತ್ತುತ್ತ ಹೋದರೆ ಸೋಲೂ ಸ್ವಾರಸ್ಯವಾಗಿರುತ್ತದೆ.

ಒಂದು ಗಂಟೆಯಷ್ಟೇ ಬಿಡುವಿದ್ದರೆ ಏಜ್ ಆಫ್ ಎಂಪೈರ್ಸ್ 2. 2022ರ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಹೆಚ್ಚುವರಿ ಭಾಗದಲ್ಲಿ ಬಂದ ದ್ರವಿಡರನ್ನು ನೀರಿನ ಮ್ಯಾಪ್‌ನಲ್ಲಿ ಆಡಿ. ಮೀನಿನ ದೋಣಿ ಎಲ್ಲರಿಗೂ 75 ಮರ, ಆದರೆ ಬೇರೆಯವರ ದೋಣಿ 15 ಆಹಾರ ಹೊತ್ತರೆ ಇವರದ್ದು 30. ಡಾಕ್‌ನಿಂದ (ಹಡಗುಕಟ್ಟೆ) ದೂರ, ಆಳದಲ್ಲಿ ಮೀನು ಇರುವ ಮ್ಯಾಪ್‌ನಲ್ಲಿ ಇದರ ಲಾಭ ಗೊತ್ತಾಗುತ್ತದೆ. ಪ್ರತಿ ಯುಗ ಏರಿದಾಗ ಸಿಗುವ 200 ಮರದಲ್ಲಿ ಒಂದು ಡಾಕ್, ಎರಡು ಮನೆ ಸರಿಯಾಗಿ ಬರುತ್ತವೆ. ನೈಟ್ ಎಂಬ ಭಾರಿ ಕುದುರೆ ಸವಾರರು ಇವರಿಗಿಲ್ಲ; ಬಯಲಿನ ಮ್ಯಾಪ್‌ನಲ್ಲಿ ವೇಗದ ಅಶ್ವದಳದ ಎದುರು ಒದ್ದಾಡಬೇಕಾಗುತ್ತದೆ.

2025ರ ನವೆಂಬರಿನಲ್ಲಿ ಬಂದ ಯುರೋಪಾ 5 ಆ ಪಾಯಿಂಟ್‌ಗಳನ್ನೇ ತೆಗೆದುಹಾಕಿ ಜನಸಂಖ್ಯೆಯ ಮೇಲೆ ಆಟ ಕಟ್ಟಿದೆ. ಶುರುವಾಗುವುದು 1337ರ ಏಪ್ರಿಲ್ 1ಕ್ಕೆ, ವಿಜಯನಗರ ಸ್ಥಾಪನೆಯಾಯಿತೆಂದು ಹೇಳುವ 1336ರ ಮರುವರ್ಷ. ಅದು ಸರಿಯಾದ ದಾರಿ ಎಂದೇ ನನ್ನ ಅನಿಸಿಕೆ. ಆದರೆ ಹೊಸಬರಿಗೆ ಕಲಿಯಲು ಈಗಲೂ ನಾಲ್ಕನ್ನೇ ಹೇಳುತ್ತೇನೆ. ಅಂಕಿಗಳೆಲ್ಲ ಮೌಸ್ ಇಟ್ಟಾಗ ಮೂಡುವ ಟೂಲ್‌ಟಿಪ್‌ನಲ್ಲಿ ಕಣ್ಣೆದುರು ಇರುತ್ತವೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ.

ಹಳೆಯ ಸೇವ್‌ಗೆ ಮರಳಲು ಬಿಡದ ಐರನ್‌ಮ್ಯಾನ್ ಕ್ರಮದಲ್ಲಿ ಆಡುವವರು ಒಂದು ವಿಷಯ ಗಮನಿಸಿ. ಅಲ್ಲಿ ಒಂದೇ ಸೇವ್ ಫೈಲ್. ಆಟಿ ತಿಂಗಳ ಗಾಳಿಮಳೆಗೆ ಇಲ್ಲಿ ಕರೆಂಟು ಹೋಗುವುದು ಇದ್ದದ್ದೇ, ಫೈಲ್ ಬರೆಯುತ್ತಿರುವಾಗಲೇ ಡೆಸ್ಕ್‌ಟಾಪ್ ಆರಿದರೆ ಇಡೀ ಆಟ ಹೋಗುತ್ತದೆ. ಯುಪಿಎಸ್ ಇಲ್ಲದಿದ್ದರೆ ಆಟ ನಿಲ್ಲಿಸಿದಾಗಲೆಲ್ಲ ಸೇವ್ ಫೋಲ್ಡರ್‌ನ ಪ್ರತಿಯೊಂದನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.