ಸಂಪಿನ ಮಣ್ಣಲ್ಲೇ ಗೋಡೆ ಎದ್ದಿತು

ಗುಬ್ಬಿ ಹತ್ತಿರ ನಮ್ಮ ಮನೆಗೆ ಪಾಯ, ಸಂಪು ತೋಡಿಸಿದಾಗ ಸೈಟಿನ ತುಂಬ ಕೆಮ್ಮಣ್ಣಿನ ಗುಡ್ಡೆ. ಟ್ರ್ಯಾಕ್ಟರಿನವನಿಗೆ ದುಡ್ಡು ಕೊಟ್ಟು ಅದನ್ನು ಹೊರಗೆ ಸಾಗಿಸಬೇಕು. ಆಮೇಲೆ ಇನ್ನೆಲ್ಲಿಯದೋ ಮಣ್ಣನ್ನು ಸೌದೆ ಹಾಕಿ ಸುಟ್ಟ ಇಟ್ಟಿಗೆಯನ್ನು ಮತ್ತೆ ದುಡ್ಡು ಕೊಟ್ಟು ತರಿಸಬೇಕು. ಇಪ್ಪತ್ತು ವರ್ಷ ಸಣ್ಣಪುಟ್ಟ ಕಂಟ್ರಾಕ್ಟ್ ಮಾಡಿದವನು ನಾನು. ಬೇರೆಯವರ ಮನೆಗೆ ಇದನ್ನೇ ಮಾಡಿಸುತ್ತಿದ್ದೆ, ಒಂದು ದಿನವೂ ಪೆದ್ದುತನ ಅನ್ನಿಸಿರಲಿಲ್ಲ. ಸ್ವಂತ ಜೇಬಿಗೆ ಬಂದಾಗ ಅನ್ನಿಸಿತು!

ಸುಡದೆ, ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕಿನ ವಿಷಯ ಮೊದಲೇ ಕೇಳಿದ್ದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅದೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಗಿತ್ತು. ಪ್ರೊ. ಕೆ.ಎಸ್. ಜಗದೀಶ್, ಪ್ರೊ. ಬಿ.ವಿ. ವೆಂಕಟರಾಮ ರೆಡ್ಡಿ ಅವರೆಲ್ಲ ಅಲ್ಲಿ ವರ್ಷಗಟ್ಟಲೆ ಈ ಬ್ಲಾಕಿನ ಮೇಲೆ ಕೆಲಸ ಮಾಡಿದರು. ಸುಟ್ಟ ಇಟ್ಟಿಗೆಗೆ ಬೇಕಾಗುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಇದಕ್ಕೆ ಸಾಕು ಅಂತ ಅವರ ಲೆಕ್ಕ. ಅಲ್ಲಿಂದ ಬಂದ ಕೈಯಂತ್ರದ ಹೆಸರು ಮರ್ದಿನಿ. ನಾನು ಹಳೆಯದೊಂದನ್ನು ಬಾಡಿಗೆಗೆ ತಂದೆ. ಅದರ ಉದ್ದನೆಯ ಹಿಡಿ ನೋಡಿ ಹುಡುಗರು, "ಮಹಿಷಾಸುರ ಯಾರು ಸಾರ್, ನಾವೇನಾ?" ಅಂದರು.

ಮೊದಲ ದಿನ ನಾನೇ ಮಹಿಷಾಸುರ. ಮಣ್ಣು ಕೆಂಪಗಿದೆ, ಚೆನ್ನಾಗಿದೆ ಅಂತ ಹಾಗೇ ಜರಡಿ ಹಿಡಿದು, ಸ್ವಲ್ಪ ಸಿಮೆಂಟ್ ಸೇರಿಸಿ, ಕಲಸೋಕೆ ಸುಲಭ ಆಗಲಿ ಅಂತ ನೀರು ಜಾಸ್ತಿ ಹಾಕಿ, ಇನ್ನೂರು ಬ್ಲಾಕ್ ಒತ್ತಿಸಿದೆ. ನೋಡೋಕೆ ಮೈಸೂರುಪಾಕಿನ ಹಾಗಿದ್ದವು. ವಾರದಲ್ಲಿ ಬಿರುಕು. ಒಂದನ್ನು ರಾತ್ರಿ ಬಕೆಟ್ ನೀರಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಮೂಲೆಗಳು ಕರಗಿ, ಉಜ್ಜಿದರೆ ಕೈಗೆ ಕೆಸರು. ಇನ್ನೂರೂ ನೆಲದಡಿಯ ಭರ್ತಿಗೆ ಹೋದವು.

ಆಮೇಲೆ ಬುದ್ಧಿ ಬಂತು. ಬೇರು, ಕಸ ಇರುವ ಮೇಲಿನ ಒಂದಡಿ ಮಣ್ಣನ್ನು ಪಕ್ಕಕ್ಕೆ ಹಾಕಿಸಿದೆ. ಕೆಳಗಿನದನ್ನು ಗಾಜಿನ ಬಾಟಲಿಗೆ ಹಾಕಿ, ನೀರು, ಚಿಟಿಕೆ ಉಪ್ಪು ಸೇರಿಸಿ, ಅಲ್ಲಾಡಿಸಿ ಒಂದು ದಿನ ಇಟ್ಟೆ. ಮರಳು ತಳಕ್ಕೆ ಕೂತಿತು, ಅದರ ಮೇಲೆ ನುಣ್ಣನೆ ಧೂಳು, ಎಲ್ಲಕ್ಕಿಂತ ಮೇಲೆ ಜೇಡಿ. ಜೇಡಿಯೇ ನೂರಕ್ಕೆ ಸುಮಾರು ಮೂವತ್ತು ಪಾಲು! ಹದಿನೈದರ ಆಸುಪಾಸು ಇದ್ದರೆ ಸಾಕು. ಜೇಡಿ ಹೆಚ್ಚಾದರೆ ಒದ್ದೆಯಾದಾಗ ಊದುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟ್ ಹಿಡಿದಿಡೋದು ಮರಳಿನ ಕಾಳನ್ನು. ಹಾಗಾಗಿ ಒಂದು ಬಾಣಲಿ ಮಣ್ಣಿಗೆ ಮರಳಿನ ಬದಲು ಒಂದು ಬಾಣಲಿ ಕ್ರಷರ್ ಡಸ್ಟ್ (ಜಲ್ಲಿ ಒಡೆಯುವಾಗ ಬರುವ ಕಲ್ಲಿನ ಪುಡಿ), ಸಿಮೆಂಟ್ ಶೇ. 7 ಅಂತ ಗೊತ್ತು ಮಾಡಿದೆ. ಚೀಲಕ್ಕೆ 90 ಬ್ಲಾಕಿನಷ್ಟು ಬಂದವು.

ನೀರಿನ ಹದಕ್ಕೆ ಮುಷ್ಟಿಯೇ ಮೀಟರು. ಮಿಶ್ರಣವನ್ನು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಬೇಕು. ಪುಡಿಪುಡಿಯಾದರೆ ನೀರು ಕಮ್ಮಿ, ಮುದ್ದೆಯ ಹಾಗೆ ಕೂತರೆ ಜಾಸ್ತಿ. ನಾಲ್ಕೈದು ಹೋಳಾದರೆ ಸರಿ. ನೀರು ಬಿದ್ದ ಮಿಶ್ರಣ ಅರ್ಧ ಗಂಟೆಯೊಳಗೆ ಖರ್ಚಾಗಬೇಕು. ಊಟದ ಹೊತ್ತಿಗೆ ಕಲಸಿಟ್ಟು ಹೋಗುವ ಅಭ್ಯಾಸ ಬಿಡಿಸೋಕೆ ನಾಲ್ಕು ದಿನ ಜಗಳವಾಡಿದೆ.

ನಿಜವಾದ ಗುಟ್ಟು ತಕ್ಕಡಿಯಲ್ಲಿದೆ. ಈ ಯಂತ್ರ ಎಷ್ಟೇ ಮಣ್ಣು ಹಾಕಿದರೂ ಒಂದೇ ದಪ್ಪಕ್ಕೆ ಒತ್ತುತ್ತದೆ. ನಮ್ಮ ಅಚ್ಚು 230x190x100 ಮಿ.ಮೀ. ಹುಡುಗರು ಸುಸ್ತಾದಾಗ ಅರ್ಧ ಸಲಿಕೆ ಕಮ್ಮಿ ಹಾಕುತ್ತಿದ್ದರು, ಹಿಡಿ ಸಲೀಸಾಗಿ ಇಳಿಯುತ್ತಲ್ಲ, ಅದಕ್ಕೆ. ಹೊರಬರುವ ಬ್ಲಾಕು ಅಳತೆಯಲ್ಲಿ ಉಳಿದವುಗಳ ಅವಳಿ, ಒಳಗೆ ಟೊಳ್ಳು. ಕಣ್ಣಿಗೆ ಗೊತ್ತಾಗಲ್ಲ. ಹಾಗಾಗಿ ತಕ್ಕಡಿ ತಂದಿಟ್ಟು ಪ್ರತಿ ಅಚ್ಚಿಗೂ ಎಂಟೂಮುಕ್ಕಾಲು ಕೆಜಿ ಒದ್ದೆ ಮಿಶ್ರಣ ಅಂತ ಕಟ್ಟು ಮಾಡಿದೆ. "ಚಿನ್ನ ತೂಗ್ತಿದ್ದೀರಾ ಸಾರ್?" ಅಂತ ನಗುತ್ತಿದ್ದರು. ತೂಕದ ಕೆಲಸವನ್ನು ನನ್ನ ಹೆಂಡತಿ ವಹಿಸಿಕೊಂಡ ಮೇಲೆ ನಗು ನಿಂತಿತು. ಆರು ಜನ ಸೇರಿ ದಿನಕ್ಕೆ ಸುಮಾರು 400 ಬ್ಲಾಕ್ ಒತ್ತಿದರು. ಒಟ್ಟು 6,000 ಬೇಕಾಯಿತು.

ಒತ್ತಿದ್ದನ್ನು ನೆರಳಲ್ಲಿ ಪೇರಿಸಿ, ಗೋಣಿಚೀಲ ಹೊದಿಸಿ, ಮೂರು ವಾರ ನೀರು ಚಿಮುಕಿಸಿದೆವು. ಇಲ್ಲಿ ಅವಸರ ಮಾಡಿದರೆ ಹಾಕಿದ ಸಿಮೆಂಟ್ ದಂಡ.

ಮೇಸ್ತ್ರಿಯದು ಇನ್ನೊಂದು ತಕರಾರು. ಗಾರೆಗೂ ಮಣ್ಣು ಸೇರಿಸಿ ಅಂದರೆ ಅವರಿಗೆ ಅವಮಾನವಾದ ಹಾಗಾಯಿತು. ಒಂದು ಸಿಮೆಂಟ್, ಒಂದು ಮಣ್ಣು, ಆರು ಮರಳು. ಬರೀ ಸಿಮೆಂಟ್ ಮರಳಿಗಿಂತ ನುಣುಪಾಗಿ ಕರಣೆಯಿಂದ ಜಾರುತ್ತದೆ. ಎರಡು ವರಸೆ, ಅಂದರೆ ಎರಡು ಸಾಲು ಬ್ಲಾಕ್, ಕಟ್ಟಿದ ಮೇಲೆ ಮೇಸ್ತ್ರಿ ಸುಮ್ಮನಾದರು. ಮೂರನೆಯದಕ್ಕೆ ಅವರೇ ಮಣ್ಣು ಕೇಳಿದರು.

ತಪ್ಪು ಇನ್ನೂ ಒಂದಾಯಿತು. ಹೊರಗೋಡೆಗೆ ಪ್ಲಾಸ್ಟರಿಂಗ್ ಮಾಡಿಸಲಿಲ್ಲ, ಅದು ಸರಿಯೇ. ಆದರೆ ಪಡುವಣದ ಕಡೆ ಸೂರಿನ ಚಾಚು ಗಿಡ್ಡ ಮಾಡಿದ್ದೆ. ಎರಡು ಮಳೆಗಾಲಕ್ಕೆ ಸೂರಿನ ನೀರು ನೆಲಕ್ಕೆ ಬಿದ್ದು ಚಿಮ್ಮಿ, ಕೆಳಗಿನ ವರಸೆಯ ಮೈ ಸವೆಯಿತು. ಸೂರನ್ನು ಮುಂದಕ್ಕೆ ಎಳೆಸಿ, ಆ ವರಸೆಗೆ ಮಾತ್ರ ಸಿಮೆಂಟ್ ಬಳಿಸಿದೆ.

ಕಟ್ಟುವಾಗ, "ಏನ್ ಭಾವ, ತಾತನ ಕಾಲದ ಮಣ್ಣಿನ ಗೋಡೆಗೆ ವಾಪಸ್ ಹೋಗ್ತಿದ್ದೀರಾ?" ಅಂತ ಕಿಚಾಯಿಸಿದವನು ನನ್ನ ಭಾಮೈದ. ಹೋದ ಬೇಸಿಗೆಯಲ್ಲಿ ಹಿರಿಯೂರು ಕಡೆಯಿಂದ ಬಂದು, ತಾನೂ ಮನೆ ಕಟ್ಟಬೇಕು, ಮಿಷನ್ ಕೊಡಿಸಿ ಅಂದ. ಮೊದಲು ಬಾಟಲಿಯಲ್ಲಿ ಮಣ್ಣು ತಗೊಂಡು ಬಾ ಅಂದೆ. ತಂದ. ಕಪ್ಪನೆ ಎರೆಮಣ್ಣು. ಒಂದು ದಿನ ಇಟ್ಟರೂ ತಳದಲ್ಲಿ ಮರಳು ಒಂದು ಬೆರಳೂ ಇಲ್ಲ, ಮೇಲಿನ ನೀರು ತಿಳಿಯಾಗಲೇ ಇಲ್ಲ. ಇದು ಸಿಮೆಂಟಿಗೆ ಬಗ್ಗೋ ಮಣ್ಣಲ್ಲ, ಸುಣ್ಣ ಬೇಕು, ಮರಳೂ ಲೋಡುಗಟ್ಟಲೆ ಬೇಕು, ಲೆಕ್ಕ ಹಾಕು ಅಂದೆ. ಬಾಟಲಿ ಇನ್ನೂ ನಮ್ಮ ಕಿಟಕಿಯಲ್ಲೇ ಇದೆ. ಅವನು ಲೆಕ್ಕ ಹಾಕುತ್ತಿದ್ದಾನೆ.