ಮೆಕ್ಯಾನಿಕ್ ಮೇಲೆ ಅನುಮಾನ ಬಂದರೆ ಮೊದಲು ಒಂದು ಚುಕ್ಕೆ ಇಡಿ

ಕಡೂರಿನ ಹತ್ತಿರ ಹಿಂದಿನ ಚಕ್ರ ಪಂಕ್ಚರ್ ಆಗದಿದ್ದರೆ ನಾನು ಇಂದಿಗೂ ಅದೇ ಗ್ಯಾರೇಜಿಗೆ ಹೋಗುತ್ತಿದ್ದೆ. ಪಂಕ್ಚರ್ ಅಂಗಡಿಯ ಹುಡುಗ ಚಕ್ರ ಬಿಚ್ಚುವಾಗ, ‘ನಾಲ್ಕಕ್ಕೂ ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ್ದೇನಪ್ಪಾ’ ಎಂದೆ. ಅವನು ನಕ್ಕ. ‘ಸಾರ್, ಆಲ್ಟೋಗೆ ಹಿಂದೆ ಪ್ಯಾಡೇ ಇರುವುದಿಲ್ಲ. ಅದು ಡ್ರಮ್, ಒಳಗಿರುವುದು ಶೂ.’ ಮನೆಗೆ ಬಂದು ಬಿಲ್ ಹುಡುಕಿದೆ. ‘ಬ್ರೇಕ್ ಪ್ಯಾಡ್, 4 ಚಕ್ರ’ ಎಂದು ಮೆಕ್ಯಾನಿಕ್‌ನ ಗುಂಡು ಅಕ್ಷರದಲ್ಲೇ ಇತ್ತು. ಹನ್ನೊಂದು ವರ್ಷದ ಪರಿಚಯ. ನನ್ನ ಮಗಳ ಮದುವೆಯಲ್ಲಿ ಪಂಕ್ತಿಗೆ ಬಡಿಸಿದವನು.

ನಿಮಗೂ ಇಂಥ ದಿನ ಬಂದರೆ ಕೂಡಲೇ ಜಗಳಕ್ಕೆ ಹೋಗಬೇಡಿ. ಕೈತಪ್ಪಿ ಬರೆದಿರಲೂಬಹುದು. ಹಳೆಯ ಬಿಲ್‌ಗಳನ್ನು ತಾರೀಖಿನಂತೆ ಜೋಡಿಸಿ, ಪಕ್ಕದಲ್ಲಿ ಕಾರು ಓಡಿದ ಕಿಲೋಮೀಟರ್ ಬರೆಯಿರಿ. ನನಗೆ 14,000 ಕಿಲೋಮೀಟರಿನೊಳಗೆ ಎರಡು ಕ್ಲಚ್ ಪ್ಲೇಟ್ ಸಿಕ್ಕವು. ಅಂದು ರಾತ್ರಿ ಊಟ ಸೇರಲಿಲ್ಲ.

ಮುಂದಿನ ಸರ್ವೀಸಿಗೆ ಮೊದಲು ಗುರುತು ಹಾಕಿ. ಏರ್ ಫಿಲ್ಟರ್ ಇದಕ್ಕೆ ಅನುಕೂಲ: ಬಾನೆಟ್ ಎತ್ತಿದರೆ ಕಪ್ಪು ಪೆಟ್ಟಿಗೆ, ಅದರ ಮುಚ್ಚಳ ತೆಗೆದರೆ ಫಿಲ್ಟರ್. ನಾನು ಅದರ ರಬ್ಬರ್ ಅಂಚಿಗೆ ಹೆಂಡತಿಯ ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಟ್ಟು, ಮೊಬೈಲ್‌ನಲ್ಲಿ ಫೋಟೋ ತೆಗೆದೆ. ಕಾರು ಬಿಡುವಾಗ ‘ಬದಲಾಯಿಸಿದ ಹಳೆಯದನ್ನೆಲ್ಲ ಡಿಕ್ಕಿಯಲ್ಲಿ ಹಾಕಿಡಿ’ ಎನ್ನಿ. ಇದೊಂದನ್ನೇ ನಂಬಿದರೆ ಕೆಟ್ಟಿರಿ. ಬೇರೆಯವರ ಕಾರಿನ ಸವೆದ ಭಾಗವನ್ನು ಕಟ್ಟಿ ಕೊಡಬಹುದು. ಗ್ಯಾರೇಜಿನ ಮೂಲೆಯಲ್ಲಿ ಅವಕ್ಕೇನು ಬರವೇ? ಗುರುತು ಬೇಕಾಗುವುದು ಅದಕ್ಕೇ. ಹೊಸ ಭಾಗದ ಖಾಲಿ ಡಬ್ಬಿಯನ್ನೂ ಕೇಳಿ. ಅದರ ಮೇಲಿನ ಎಂಆರ್‌ಪಿಯನ್ನು ಬಿಲ್‌ನೊಂದಿಗೆ ಹೋಲಿಸಿ.

ಎಲ್ಲದರಲ್ಲೂ ಮೋಸ ಹುಡುಕಬೇಡಿ. ಡೀಸೆಲ್ ಕಾರಿನ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾದರೆ ಅದು ಮೆಕ್ಯಾನಿಕ್‌ನ ಕೈಚಳಕವಲ್ಲ, ಎಂಜಿನ್ನಿನ ಮಸಿ.

ದೊಡ್ಡ ಮೊತ್ತವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ. ಆದರೆ ಬಿಲ್ ಬೇಕು. ‘ಬಿಲ್ ಬೇಡವೆಂದರೆ ಇನ್ನೂರು ಕಡಿಮೆ’ ಎಂದಾಗ ಹಿಗ್ಗಿದವನು ನಾನೇ.

ಸರ್ವೀಸ್ ಮುಗಿಯಿತು. ಬಿಲ್‌ನಲ್ಲಿ ಹೊಸ ಏರ್ ಫಿಲ್ಟರ್ ಇತ್ತು. ಪೆಟ್ಟಿಗೆಯೊಳಗೆ ನನ್ನ ಕೆಂಪು ಚುಕ್ಕೆಯೂ ಇತ್ತು. ಗಿರಾಕಿಗಳಿಲ್ಲದ ಮಧ್ಯಾಹ್ನ ಹೋಗಿ ಫಿಲ್ಟರನ್ನು ಅವನ ಮೇಜಿನ ಮೇಲಿಟ್ಟೆ. ‘ಹುಡುಗರು ಮರೆತಿರಬೇಕು ಮೇಷ್ಟ್ರೇ’ ಎಂದ. ಆಗ ಬ್ರೇಕ್ ಬಿಲ್ಲನ್ನೂ ಪಕ್ಕದಲ್ಲಿಟ್ಟೆ. ಅವನು ಅದನ್ನು ಓದಲಿಲ್ಲ. ಡ್ರಾಯರ್ ಎಳೆದು ಫಿಲ್ಟರಿನ ದುಡ್ಡನ್ನಷ್ಟೇ ಎಣಿಸಿಕೊಟ್ಟು, ಎಂದಿನಂತೆ ಎರಡು ಚಹಾ ತರಲು ಹುಡುಗನನ್ನು ಕಳಿಸಿದ. ಚಹಾ ಬರುವ ಮೊದಲೇ ನಾನು ಎದ್ದು ಬಂದೆ.